ಎಲೆಕ್ಟ್ರಾನ್ ಕೊಡುಕೊಳ್ಳುವಿಕೆಯ ಹಿಂದಿನ ಲೆಕ್ಕ

ಸೋಡಿಯಂ ತನ್ನ ಹೊರಕವಚದ ಒಂಟಿ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ಪಡೆದು ತನ್ನ ಎಂಟನ್ನು ಭರ್ತಿ ಮಾಡಿಕೊಳ್ಳುತ್ತದೆ, ಹೀಗೆ ಎರಡೂ ಸ್ಥಿರತೆ ಗಳಿಸಿ ಅಡುಗೆ ಉಪ್ಪಾಗುತ್ತವೆ ಎಂಬ ವಿವರಣೆಯನ್ನು ಹತ್ತನೆಯ ತರಗತಿಯ ವಿಜ್ಞಾನ ಓದಿದ ಪ್ರತಿಯೊಬ್ಬರೂ ಒಮ್ಮೆಯಾದರೂ ಬರೆದು ಅಂಕ ಪಡೆದಿರುತ್ತಾರೆ. ಅದೇ ವಿದ್ಯಾರ್ಥಿಗಳಲ್ಲಿ ತುಸು ನಿಂತು ಯೋಚಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಜೀವವೂ ಮನಸ್ಸೂ ಇಲ್ಲದ ಪರಮಾಣುವಿಗೆ ಎಂಟು ಎಂಬ ಸಂಖ್ಯೆಯ ಮೇಲೆ ಅಷ್ಟೊಂದು ಆಸೆ ಏಕೆ, ಸೋಡಿಯಂ ತನ್ನದನ್ನು ಕೊಡಲು ಒಪ್ಪುವುದಾದರೂ ಯಾವ ಲಾಭಕ್ಕೆ? ಪರೀಕ್ಷೆಗೆ ಬರುವುದಿಲ್ಲವೆಂದು ಈ ಪ್ರಶ್ನೆಯನ್ನು ಪಕ್ಕಕ್ಕಿಡುವುದು ಸುಲಭವಾದರೂ ರಸಾಯನಶಾಸ್ತ್ರದ ತಿರುಳು ಇರುವುದು ಅದರ ಉತ್ತರದಲ್ಲಿಯೇ. ಪರಮಾಣುಗಳು ಕೂಡುವುದು ಧನ ಮತ್ತು ಋಣ ವಿದ್ಯುದಾವೇಶಗಳ ನಡುವಿನ ಸೆಳೆತದಿಂದ. ಆ ಸೆಳೆತದಿಂದ ಇಡೀ ವ್ಯವಸ್ಥೆಯ ಶಕ್ತಿ ಎಷ್ಟು ತಗ್ಗುತ್ತದೆ ಎಂಬ ಲೆಕ್ಕವೇ ಯಾವ ಬಂಧ ಏರ್ಪಡಬಲ್ಲದು, ಯಾವುದು ಏರ್ಪಡಲಾರದು ಎಂಬುದನ್ನು ತೀರ್ಮಾನಿಸುತ್ತದೆ. ಎಂಟರ ಸಂಖ್ಯೆ ಆ ಲೆಕ್ಕದ ಫಲವಾಗಿ ಹಲವು ಕಡೆ ಕಾಣಿಸಿಕೊಳ್ಳುತ್ತದೆಯೇ ಹೊರತು ಲೆಕ್ಕವನ್ನು ನಡೆಸುವುದು ಅದಲ್ಲ.

ಪರಮಾಣುವಿನ ನಡುವೆ ಧನ ಆವೇಶದ ಬೀಜಕೇಂದ್ರವೂ ಅದರ ಸುತ್ತ ಋಣ ಆವೇಶದ ಎಲೆಕ್ಟ್ರಾನುಗಳೂ ಇರುತ್ತವೆ, ಮತ್ತು ಎಲೆಕ್ಟ್ರಾನುಗಳು ತಮ್ಮ ಶಕ್ತಿಗೆ ಅನುಗುಣವಾಗಿ ಬೇರೆ ಬೇರೆ ಕವಚಗಳಲ್ಲಿ ನೆಲೆಸಿರುತ್ತವೆ. ಸೋಡಿಯಂನ 11 ಎಲೆಕ್ಟ್ರಾನುಗಳಲ್ಲಿ ಮೊದಲ ಕವಚದಲ್ಲಿ 2, ಎರಡನೆಯದರಲ್ಲಿ 8, ಮೂರನೆಯದರಲ್ಲಿ ಒಂದೇ ಒಂದು. ಕ್ಲೋರಿನ್ನಿನ 17ರಲ್ಲಿ ಅದೇ ಕ್ರಮದಲ್ಲಿ 2, 8 ಮತ್ತು 7. ಹೀಗೆ ಎಲ್ಲಕ್ಕಿಂತ ಹೊರಗಿರುವ, ಬಂಧದಲ್ಲಿ ಪಾಲ್ಗೊಳ್ಳುವ ಎಲೆಕ್ಟ್ರಾನುಗಳನ್ನು ವೇಲೆನ್ಸ್ ಎಲೆಕ್ಟ್ರಾನುಗಳೆಂದು ಕರೆಯುತ್ತಾರೆ. ಸೋಡಿಯಂನ ಹೊರ ಎಲೆಕ್ಟ್ರಾನು ಬೀಜಕೇಂದ್ರದಿಂದ ದೂರದಲ್ಲಿರುವುದಲ್ಲದೆ, ಒಳಗಿನ ಹತ್ತು ಎಲೆಕ್ಟ್ರಾನುಗಳು ಬೀಜಕೇಂದ್ರದ ಸೆಳೆತವನ್ನು ಬಹುಮಟ್ಟಿಗೆ ಮರೆಮಾಡುವುದರಿಂದ ಅದರ ಮೇಲಿನ ಹಿಡಿತ ಸಡಿಲವಾಗಿರುತ್ತದೆ. ಕ್ಲೋರಿನ್ನಿನಲ್ಲಿ ಬೀಜಕೇಂದ್ರದ ಆವೇಶ ಹೆಚ್ಚು, ಒಂದೇ ಕವಚದ ಏಳು ಎಲೆಕ್ಟ್ರಾನುಗಳು ಒಂದನ್ನೊಂದು ಮರೆಮಾಡುವುದು ಕಡಿಮೆ. ಹಾಗಾಗಿ ಏಳನ್ನೂ ಅದು ಬಿಗಿಯಾಗಿ ಹಿಡಿದಿರುತ್ತದೆ ಮಾತ್ರವಲ್ಲ, ಹೊರಗಿನಿಂದ ಬಂದ ಎಂಟನೆಯದನ್ನೂ ಹಿಡಿದಿಟ್ಟುಕೊಳ್ಳಬಲ್ಲದು. ಎಂಟು ತುಂಬಿದ ಮೇಲೆ ಬರುವ ಮುಂದಿನ ಎಲೆಕ್ಟ್ರಾನಿಗೆ ಸಿಗುವ ನೆಲೆ ಇನ್ನೂ ದೂರದ್ದು, ಸೆಳೆತ ಇನ್ನೂ ಕ್ಷೀಣವಾದದ್ದು. ನಿಯಾನ್, ಆರ್ಗಾನ್‌ಗಳು ಸುಲಭವಾಗಿ ಏನನ್ನೂ ಕೊಡದೆ ಏನನ್ನೂ ಪಡೆಯದೆ ಇರುವುದರ ಗುಟ್ಟು ಇಷ್ಟೇ.

ಹಿಡಿತ ಸಡಿಲವಾಗಿದೆ ಎಂದರೆ ಎಲೆಕ್ಟ್ರಾನು ತಾನಾಗಿ ಕಳಚಿಕೊಳ್ಳುತ್ತದೆ ಎಂದರ್ಥವಲ್ಲ. ಅನಿಲ ರೂಪದಲ್ಲಿರುವ ಒಂದು ಮೋಲ್ ಸೋಡಿಯಂನಿಂದ, ಅಂದರೆ 23 ಗ್ರಾಂ ತೂಗುವ ಸುಮಾರು 6.022 × 10²³ ಪರಮಾಣುಗಳಿಂದ, ತಲಾ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು 496 ಕಿಲೋಜೌಲ್ ಶಕ್ತಿಯನ್ನು ಹೊರಗಿನಿಂದ ಒದಗಿಸಬೇಕಾಗುತ್ತದೆ. ಇದನ್ನೇ ಅಯಾನೀಕರಣ ಶಕ್ತಿ ಎನ್ನುತ್ತಾರೆ. ಆ ಎಲೆಕ್ಟ್ರಾನುಗಳನ್ನು ಅಷ್ಟೇ ಸಂಖ್ಯೆಯ ಕ್ಲೋರಿನ್ ಪರಮಾಣುಗಳು ಪಡೆದಾಗ ಹಿಂದಿರುಗುವುದು 349 ಕಿಲೋಜೌಲ್ ಮಾತ್ರ. ಕೊಟ್ಟದ್ದಕ್ಕಿಂತ ಬಂದದ್ದು 147 ಕಿಲೋಜೌಲ್ ಕಡಿಮೆ. ಇದರ ಜೊತೆಗೆ ಸೋಡಿಯಂ ಲೋಹದ ಗಡ್ಡೆಯಿಂದ ಪರಮಾಣುಗಳನ್ನು ಬಿಡಿಬಿಡಿಯಾಗಿಸಲು 107 ಕಿಲೋಜೌಲ್, ಜೋಡಿಜೋಡಿಯಾಗಿರುವ ಕ್ಲೋರಿನ್ ಪರಮಾಣುಗಳನ್ನು ಬೇರ್ಪಡಿಸಲು 121 ಕಿಲೋಜೌಲ್ ಖರ್ಚೂ ಸೇರಿದರೆ ಒಟ್ಟು ಕೊರತೆ 375 ಕಿಲೋಜೌಲಿಗೆ ಏರುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಬಾಣದ ಗುರುತೊಂದು ಎಲೆಕ್ಟ್ರಾನನ್ನು ಎಡದಿಂದ ಬಲಕ್ಕೆ ಸಾಗಿಸಿ ಕಥೆ ಮುಗಿಸುವ ಕ್ಷಣದಲ್ಲಿ ನಿಜವಾದ ಲೆಕ್ಕಪುಸ್ತಕ ಇಷ್ಟು ನಷ್ಟವನ್ನು ತೋರಿಸುತ್ತಿರುತ್ತದೆ. ಎಂಟು ತುಂಬುವುದೊಂದೇ ಬಂಧಕ್ಕೆ ಕಾರಣವಾಗಿದ್ದರೆ ಉಪ್ಪು ಎಂಬ ವಸ್ತು ಹುಟ್ಟುತ್ತಲೇ ಇರಲಿಲ್ಲ.

ನಷ್ಟ ತುಂಬಿ ಲಾಭ ತರುವುದು ಮುಂದಿನ ಹಂತ, ಮತ್ತು ಚಿತ್ರಗಳಲ್ಲಿ ಬಹಳ ಸಲ ಬಿಟ್ಟುಹೋಗುವುದೂ ಅದೇ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಒಂದು ಧನ ಆವೇಶದ ಕಣವಾಗಿಯೂ, ಅದನ್ನು ಪಡೆದ ಕ್ಲೋರಿನ್ ಒಂದು ಋಣ ಆವೇಶದ ಕಣವಾಗಿಯೂ ಉಳಿಯುತ್ತವೆ. ಆವೇಶ ಹೊತ್ತ ಇಂಥ ಕಣಗಳೇ ಅಯಾನುಗಳು. ವಿರುದ್ಧ ಆವೇಶದ ಅಯಾನುಗಳು ಹತ್ತಿರಕ್ಕೆ ಬಂದಷ್ಟೂ ಶಕ್ತಿ ಹೊರಬೀಳುತ್ತದೆ. ಆದರೆ ಒಂದು ಧನ ಅಯಾನು ಒಂದೇ ಋಣ ಅಯಾನಿಗೆ ಕಟ್ಟುಬಿದ್ದಿರಬೇಕೆಂಬ ನಿಯಮವಿಲ್ಲ, ಏಕೆಂದರೆ ವಿದ್ಯುತ್ ಸೆಳೆತ ಎಲ್ಲ ದಿಕ್ಕಿಗೂ ಸಮಾನವಾಗಿ ಹರಡುತ್ತದೆ. ಉಪ್ಪಿನ ಸ್ಫಟಿಕದಲ್ಲಿ ಪ್ರತಿಯೊಂದು ಸೋಡಿಯಂ ಅಯಾನಿನ ಎಡಬಲ, ಹಿಂದುಮುಂದು, ಮೇಲೆ ಕೆಳಗೆ ಎಂದು ಆರು ಕ್ಲೋರೈಡ್ ಅಯಾನುಗಳು 0.282 ನ್ಯಾನೋಮೀಟರ್ ದೂರದಲ್ಲಿ ಸುತ್ತುವರಿದಿರುತ್ತವೆ. ಅವುಗಳ ಆಚೆ ಹನ್ನೆರಡು ಸೋಡಿಯಂ ಅಯಾನುಗಳು ವಿಕರ್ಷಿಸುತ್ತ, ಅದರಾಚೆ ಎಂಟು ಕ್ಲೋರೈಡುಗಳು ಮತ್ತೆ ಸೆಳೆಯುತ್ತ, ಹೀಗೆ ಸೆಳೆತ ಮತ್ತು ವಿಕರ್ಷಣೆಗಳ ಸಾಲು ಸ್ಫಟಿಕದ ಅಂಚಿನವರೆಗೂ ಮುಂದುವರಿಯುತ್ತದೆ. ಈ ಇಡೀ ಸಾಲನ್ನು ಕೂಡಿ ಕಳೆದು ನೋಡಿದರೆ ಅಷ್ಟೇ ದೂರದಲ್ಲಿರುವ ಒಂದೇ ಜೋಡಿಯ ಸೆಳೆತದ ಸುಮಾರು 1.75 ಪಟ್ಟು ಬರುತ್ತದೆ. ಬಿಡಿ ಅಯಾನುಗಳು ಕೂಡಿ ಒಂದು ಮೋಲ್ ಉಪ್ಪಿನ ಸ್ಫಟಿಕವಾದಾಗ ಬಿಡುಗಡೆಯಾಗುವ ಈ ಜಾಲಕ ಶಕ್ತಿ ಸುಮಾರು 787 ಕಿಲೋಜೌಲ್. ಹಿಂದಿನ 375ರ ಕೊರತೆಯನ್ನು ತುಂಬಿ ಇನ್ನೂ 412ರಷ್ಟು ಉಳಿಯುತ್ತದೆ, ಮತ್ತು ಸೋಡಿಯಂ ಲೋಹ ಕ್ಲೋರಿನ್ ಅನಿಲದಲ್ಲಿ ಹಳದಿ ಜ್ವಾಲೆಯೊಂದಿಗೆ ಉರಿಯುವಾಗ ಹೊಮ್ಮುವ ಶಾಖ ಆ ಉಳಿತಾಯವೇ. ಲಾಭವಾಗುವುದು ಕೊಡುಕೊಳ್ಳುವಿಕೆಯಿಂದಲ್ಲ, ಕೊಟ್ಟವರೂ ಕೊಂಡವರೂ ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಒತ್ತಾಗಿ ನೆರೆಯುವುದರಿಂದ ಎಂಬ ಈ ಒಂದು ಮಾತನ್ನು ಪಾಠದಲ್ಲಿ ಸೇರಿಸಿದರೆ ಅಯಾನಿಕ ಬಂಧದ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

ಇದಕ್ಕಿಂತಲೂ ಕಣ್ಣು ತೆರೆಸುವ ಉದಾಹರಣೆ ಆಕ್ಸಿಜನ್ನಿನದು. ಎರಡು ಎಲೆಕ್ಟ್ರಾನುಗಳನ್ನು ಪಡೆದು ಎಂಟನ್ನು ತುಂಬಿಕೊಳ್ಳುವುದು ಅದರ ಸ್ವಭಾವವೆಂದು ಹೇಳುವುದು ವಾಡಿಕೆ. ಮೊದಲನೆಯದನ್ನು ಪಡೆದಾಗ ಆಕ್ಸಿಜನ್ ಸ್ವಲ್ಪ ಶಕ್ತಿಯನ್ನು ಬಿಟ್ಟುಕೊಡುವುದು ನಿಜ. ಆದರೆ ಎರಡನೆಯದು ಬರುವ ಹೊತ್ತಿಗೆ ಅದು ಈಗಾಗಲೇ ಋಣ ಆವೇಶ ಹೊತ್ತಿರುವುದರಿಂದ ಬರುವ ಎಲೆಕ್ಟ್ರಾನನ್ನು ದೂರ ತಳ್ಳುತ್ತದೆ, ಮತ್ತು ಅದನ್ನು ಒಳಗೆ ದೂಡಲು ಮೊದಲು ಸಿಕ್ಕಿದ್ದಕ್ಕಿಂತ ಹಲವು ಪಟ್ಟು ಶಕ್ತಿ ಬೇಕಾಗುತ್ತದೆ. ಎಂಟು ಪೂರ್ಣವಾಗಿರುವ ಆಕ್ಸೈಡ್ ಅಯಾನು ನಿರ್ವಾತದಲ್ಲಿ ಒಂಟಿಯಾಗಿ ಉಳಿಯಲಾರದು, ತನ್ನ ಒಂದು ಎಲೆಕ್ಟ್ರಾನನ್ನು ಹೊರಗೆ ಬಿಟ್ಟುಬಿಡುತ್ತದೆ. ಅದೇ ಅಯಾನು ಮೆಗ್ನೀಸಿಯಂ ಆಕ್ಸೈಡಿನಲ್ಲಿ ಅಚಲವಾಗಿ ನಿಂತಿರುವುದು ಎರಡು ಧನ ಆವೇಶದ ಮೆಗ್ನೀಸಿಯಂ ಅಯಾನುಗಳು ಸುತ್ತಲೂ ನಿಂತು ಅದನ್ನು ಹಿಡಿದಿರುವುದರಿಂದ. ಎರಡು ಆವೇಶವು ಎರಡು ಆವೇಶವನ್ನು ಸೆಳೆಯುವಾಗ ಬಲ ನಾಲ್ಕು ಪಟ್ಟಾಗುತ್ತದೆ, ಅಯಾನುಗಳು ಚಿಕ್ಕವಾದ್ದರಿಂದ ದೂರವೂ ಕಡಿಮೆ. ಹೀಗಾಗಿ ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಮೆಗ್ನೀಸಿಯಂ ಆಕ್ಸೈಡ್ 2,800 ಡಿಗ್ರಿ ದಾಟುವವರೆಗೂ ಘನವಾಗಿಯೇ ಇದ್ದು, ಉಕ್ಕಿನ ಕುಲುಮೆಗಳ ಒಳಗೋಡೆಗೆ ಇಟ್ಟಿಗೆಯಾಗಿ ಬಳಕೆಯಾಗುತ್ತದೆ.

ಸ್ಫಟಿಕದ ಈ ಚಿತ್ರವನ್ನು ಒಪ್ಪಿಕೊಂಡರೆ ಒಂದು ವಿಚಿತ್ರ ತೀರ್ಮಾನಕ್ಕೂ ತಲೆಬಾಗಬೇಕಾಗುತ್ತದೆ: ಘನ ಉಪ್ಪಿನಲ್ಲಿ ಉಪ್ಪಿನ ಅಣು ಎಂಬುದೇ ಇಲ್ಲ. ಯಾವ ಸೋಡಿಯಂ ಯಾವ ಕ್ಲೋರಿನ್ನಿಗೆ ಸೇರಿದ್ದೆಂದು ಕೇಳಿದರೆ ಆರಕ್ಕೂ ಸಮಾನವಾಗಿ ಸೇರಿದ್ದು ಎಂಬುದಷ್ಟೇ ಉತ್ತರ. ಸೂತ್ರದಲ್ಲಿ ಬರೆಯುವ ಒಂದಕ್ಕೆ ಒಂದು ಎಂಬುದು ಎಣಿಕೆಯ ಅನುಪಾತ ಮಾತ್ರ. ವಿಲಿಯಂ ಲಾರೆನ್ಸ್ ಬ್ರಾಗ್ 1913ರಲ್ಲಿ ಎಕ್ಸ್-ಕಿರಣಗಳು ಉಪ್ಪಿನ ಸ್ಫಟಿಕದಲ್ಲಿ ಚದುರುವ ಬಗೆಯನ್ನು ವಿಶ್ಲೇಷಿಸಿ ಈ ರಚನೆಯನ್ನು ತೋರಿಸಿಕೊಟ್ಟರು, ಎರಡು ವರ್ಷಗಳ ಬಳಿಕ ತಂದೆ ವಿಲಿಯಂ ಹೆನ್ರಿ ಬ್ರಾಗ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡಾಗ ಅವರಿಗೆ ಇಪ್ಪತ್ತೈದು ವರ್ಷ. ಆದರೂ ಹಿರಿಯ ರಸಾಯನಶಾಸ್ತ್ರಜ್ಞರಿಗೆ ಇದು ಜೀರ್ಣವಾಗಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲಿ, ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ‘ನೇಚರ್’ ಪತ್ರಿಕೆಗೆ ಬರೆದು ಅಣುವಿಲ್ಲದ, ಚದುರಂಗದ ಮಣೆಯಂಥ ಈ ಉಪ್ಪಿನ ಕಲ್ಪನೆ ಸಾಮಾನ್ಯ ವಿವೇಕಕ್ಕೇ ಒಗ್ಗದ್ದೆಂದು ಕಟುವಾಗಿ ಪ್ರತಿಭಟಿಸಿದರು. ಅವರನ್ನು ಹಳೆಯ ಕಾಲದವರೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಪ್ರತಿಯೊಂದು ಸಂಯುಕ್ತಕ್ಕೂ ಅದರದೇ ಅಣುವಿರಬೇಕೆಂಬ ನಂಬಿಕೆ ಒಂದು ಶತಮಾನದ ರಸಾಯನಶಾಸ್ತ್ರವನ್ನು ಯಶಸ್ವಿಯಾಗಿ ನಡೆಸಿತ್ತು. ಅದೇ ನಂಬಿಕೆ ಇಂದಿನ ತರಗತಿಗಳಲ್ಲಿಯೂ ‘ಉಪ್ಪಿನ ಅಣು’ ಎಂಬ ಮಾತಿನಲ್ಲಿ ಯಾರ ಪ್ರತಿಭಟನೆಯೂ ಇಲ್ಲದೆ ಉಳಿದುಕೊಂಡಿದೆ.

ಬ್ರಾಗ್ ಕಂಡ ರಚನೆಯ ಗುರುತನ್ನು ಕಾಣಲು ಎಕ್ಸ್-ಕಿರಣ ಯಂತ್ರವೇ ಬೇಕೆಂದಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲಿಗೆ ಆರಿದ ಹರಳುಪ್ಪಾಗಲಿ, ಅಂಗಡಿಯ ಕಲ್ಲುಪ್ಪಾಗಲಿ ನೀರಿನಲ್ಲಿ ಕರಗಿಸಿ, ಸೋಸಿ, ಅಗಲವಾದ ತಟ್ಟೆಯಲ್ಲಿ ಅಲುಗಾಡಿಸದೆ ಕೆಲವು ದಿನ ಬಿಟ್ಟರೆ ತಳದಲ್ಲಿ ಚೌಕಾಕಾರದ ಹರಳುಗಳು ಮೂಡುತ್ತವೆ, ಮತ್ತು ಭೂತಗನ್ನಡಿಯಲ್ಲಿ ನೋಡಿದಾಗ ಅವುಗಳ ಅಂಚುಗಳು ಒಂದಕ್ಕೊಂದು ನೇರ ಲಂಬವಾಗಿರುವುದು ಕಾಣುತ್ತದೆ. ಅಂಥ ಹರಳಿನ ಮುಖಕ್ಕೆ ಸಮನಾಗಿ ಬ್ಲೇಡಿನ ಅಲಗನ್ನಿಟ್ಟು ಮೆಲ್ಲಗೆ ತಟ್ಟಿದರೆ ಅದು ನಜ್ಜುಗುಜ್ಜಾಗದೆ ನುಣುಪಾದ ಸಮತಲದಲ್ಲಿ ಸೀಳಿಕೊಂಡು ಇನ್ನೆರಡು ಚೌಕದ ತುಂಡುಗಳಾಗುತ್ತದೆ. ತಾಮ್ರದ ತಂತಿಯನ್ನು ಬಡಿದರೆ ತಗಡಾಗುತ್ತದೆ, ಉಪ್ಪು ಮಾತ್ರ ಒಡೆಯುತ್ತದೆ. ಕಾರಣವೆಂದರೆ ಪೆಟ್ಟಿನ ಬಲಕ್ಕೆ ಅಯಾನುಗಳ ಒಂದು ಪದರ ಒಂದೇ ಒಂದು ಸ್ಥಾನದಷ್ಟು ಜರುಗಿದರೂ ಇದುವರೆಗೆ ಋಣದ ಎದುರಿಗಿದ್ದ ಧನ ಈಗ ಧನದ ಎದುರಿಗೆ ಬಂದು ನಿಲ್ಲುತ್ತದೆ, ಹಿಡಿದಿಟ್ಟಿದ್ದ ಬಲವೇ ತಳ್ಳುವ ಬಲವಾಗಿ ಪದರಗಳನ್ನು ಬೇರ್ಪಡಿಸುತ್ತದೆ. ಬರಿಗಣ್ಣಿಗೆ ಕಾಣುವ ಈ ಸೀಳಿನ ಹಿಂದೆ ನ್ಯಾನೋಮೀಟರಿನ ಮೂರನೆಯ ಒಂದು ಪಾಲಿಗೂ ಕಡಿಮೆಯ ಜರುಗುವಿಕೆ ಇದೆ ಎಂಬುದು ಯಾವ ಶಾಲೆಯಲ್ಲಾದರೂ ತೋರಿಸಬಹುದಾದ, ತೋರಿಸಲೇಬೇಕಾದ ಸಂಗತಿ.

ಒಂದು ಕ್ಲೋರಿನ್ ಮತ್ತೊಂದು ಕ್ಲೋರಿನ್ನಿಗೆ ಎದುರಾದಾಗ ಎಲೆಕ್ಟ್ರಾನ್ ಕೊಟ್ಟು ಅಯಾನುಗಳಾಗುವ ಈ ದಾರಿ ಮುಚ್ಚಿರುತ್ತದೆ, ಏಕೆಂದರೆ ಎರಡರ ಹಿಡಿತವೂ ಸಮನಾಗಿ ಬಿಗಿಯಾಗಿದ್ದು ಒಂದರಿಂದ ಕಿತ್ತು ಇನ್ನೊಂದಕ್ಕೆ ಕೊಡುವ ಖರ್ಚನ್ನು ಯಾವ ಜಾಲಕವೂ ತುಂಬಿಕೊಡಲಾರದು. ಆದರೂ ಕ್ಲೋರಿನ್ ಅನಿಲ ಜೋಡಿ ಪರಮಾಣುಗಳ ಅಣುವಾಗಿಯೇ ಇರುತ್ತದೆ. ಇದಕ್ಕೆ ಉತ್ತರದ ದಿಕ್ಕನ್ನು ತೋರಿದವರು ಅಮೆರಿಕದ ಗಿಲ್ಬರ್ಟ್ ಲೂಯಿಸ್. 1902ರಲ್ಲಿಯೇ ಪರಮಾಣುವನ್ನು ಘನಾಕೃತಿಯಾಗಿ ಕಲ್ಪಿಸಿ ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನಿಟ್ಟು ಟಿಪ್ಪಣಿ ಮಾಡಿಕೊಂಡಿದ್ದ ಅವರು, 1916ರಲ್ಲಿ ಬರ್ಕ್ಲಿಯಿಂದ ಪ್ರಕಟಿಸಿದ ಲೇಖನದಲ್ಲಿ ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಂಡಾಗ ಬಂಧ ಉಂಟಾಗುತ್ತದೆಂದೂ, ಆ ಜೋಡಿ ಎರಡಕ್ಕೂ ಏಕಕಾಲದಲ್ಲಿ ಸೇರಿದ್ದೆಂದೂ ವಾದಿಸಿದರು. ಅದೇ ವರ್ಷ ಜರ್ಮನಿಯಲ್ಲಿ ವಾಲ್ಟರ್ ಕೋಸೆಲ್ ಎಲೆಕ್ಟ್ರಾನ್ ವರ್ಗಾವಣೆಯಿಂದಾಗುವ ಅಯಾನಿಕ ಬಂಧದ ಚಿತ್ರವನ್ನು ಸ್ಪಷ್ಟಗೊಳಿಸಿದ್ದರು. ಹಂಚಿಕೆಯ ಬಂಧಕ್ಕೆ ಸಹವೇಲೆನ್ಸೀಯ ಬಂಧ ಎಂದು ಇಂದು ಕರೆಯುವ ಹೆಸರಿನ ಇಂಗ್ಲಿಷ್ ಮೂಲವನ್ನು ಬಳಕೆಗೆ ತಂದವರು ಅರ್ವಿಂಗ್ ಲ್ಯಾಂಗ್‌ಮ್ಯೂರ್, 1919ರಲ್ಲಿ.

ಹಂಚಿಕೊಂಡರೆ ಅಂಟಿಕೊಳ್ಳುವುದೇಕೆ ಎಂಬ ಪ್ರಶ್ನೆ ಲೂಯಿಸರ ವಿವರಣೆಯಲ್ಲಿ ಉಳಿದೇ ಇತ್ತು, ಮತ್ತು ಅದಕ್ಕೆ ಉತ್ತರ ಸಿಗಲು ಕ್ವಾಂಟಮ್ ಸಿದ್ಧಾಂತ ಬರಬೇಕಾಯಿತು. ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಸ್ ಲಂಡನ್ 1927ರಲ್ಲಿ ಜ್ಯೂರಿಕ್‌ನಲ್ಲಿ ಅತ್ಯಂತ ಸರಳವಾದ ಹೈಡ್ರೋಜನ್ ಅಣುವನ್ನು ಎತ್ತಿಕೊಂಡು, ಎರಡು ಎಲೆಕ್ಟ್ರಾನುಗಳ ಸ್ಪಿನ್ ಎಂಬ ಕ್ವಾಂಟಮ್ ಗುಣ ಪರಸ್ಪರ ವಿರುದ್ಧವಾಗಿದ್ದಾಗ ಅವು ಎರಡು ಬೀಜಕೇಂದ್ರಗಳ ನಡುವಿನ ಜಾಗದಲ್ಲಿ ಹೆಚ್ಚಾಗಿ ಇರಬಲ್ಲವೆಂದೂ, ಅದರಿಂದ ಒಟ್ಟು ಶಕ್ತಿ ತಗ್ಗುತ್ತದೆಂದೂ ಲೆಕ್ಕ ಹಾಕಿ ತೋರಿಸಿದರು. ನಡುವೆ ನೆಲೆಸಿದ ಋಣ ಆವೇಶವನ್ನು ಎರಡೂ ಕಡೆಯ ಧನ ಬೀಜಕೇಂದ್ರಗಳು ಸೆಳೆಯುತ್ತವೆ. ಜೊತೆಗೆ ಒಂದೇ ಪರಮಾಣುವಿಗೆ ಸೀಮಿತವಾಗಿದ್ದ ಎಲೆಕ್ಟ್ರಾನಿಗೆ ಎರಡರಲ್ಲಿಯೂ ಹರಡಿಕೊಳ್ಳುವ ಅವಕಾಶ ಸಿಗುವುದೂ ಶಕ್ತಿ ಇಳಿಯಲು ನೆರವಾಗುತ್ತದೆ. ಬೀಜಕೇಂದ್ರಗಳು ತೀರಾ ಹತ್ತಿರಕ್ಕೆ ಬಂದರೆ ಒಂದನ್ನೊಂದು ತಳ್ಳುವುದರಿಂದ, ಸೆಳೆತ ಮತ್ತು ತಳ್ಳಾಟ ಸರಿದೂಗುವ 0.074 ನ್ಯಾನೋಮೀಟರ್ ಅಂತರದಲ್ಲಿ ಅವು ನಿಲ್ಲುತ್ತವೆ. ಅಲ್ಲಿಂದ ಅವನ್ನು ಬೇರ್ಪಡಿಸಲು ಮೋಲಿಗೆ 436 ಕಿಲೋಜೌಲ್ ಬೇಕು. ಒಂದು ಎಲೆಕ್ಟ್ರಾನನ್ನು ಕಿತ್ತುಹಾಕಿ, ಎರಡು ಬೀಜಕೇಂದ್ರಗಳ ನಡುವೆ ಒಂದೇ ಎಲೆಕ್ಟ್ರಾನನ್ನು ಉಳಿಸಿದರೂ ಬಂಧ ಪೂರ್ತಿ ಕಳಚುವುದಿಲ್ಲ, ಅಂತರ 0.106 ನ್ಯಾನೋಮೀಟರಿಗೆ ಹಿಗ್ಗುತ್ತದೆ ಅಷ್ಟೆ. ಜೋಡಿಯೂ ಇಲ್ಲದ, ತುಂಬಿದ ಕವಚವೂ ಇಲ್ಲದ ಈ ಅಯಾನು ಉಳಿದಿರುವುದನ್ನು ನೋಡಿದರೆ ಇಲ್ಲಿಯೂ ಕೆಲಸ ಮಾಡುವುದು ವಿದ್ಯುತ್ ಸೆಳೆತವೇ ಎಂಬುದರಲ್ಲಿ ಸಂಶಯ ಉಳಿಯದು.

ಅಯಾನಿಕ ಬಂಧಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ದಿಕ್ಕಿನದು. ಹಂಚಿಕೊಂಡ ಎಲೆಕ್ಟ್ರಾನುಗಳು ನಿರ್ದಿಷ್ಟ ಎರಡು ಪರಮಾಣುಗಳ ನಡುವೆ ಇರುವುದರಿಂದ ಅಲ್ಲಿ ಯಾರು ಯಾರಿಗೆ ಸೇರಿದ್ದೆಂಬುದು ಖಚಿತ, ಹಾಗಾಗಿ ಅಣು ಎಂಬ ಮಾತಿಗೆ ಅಲ್ಲಿ ಪೂರ್ಣ ಅರ್ಥವಿದೆ. ಈ ಕಾರಣಕ್ಕೇ ಸಹವೇಲೆನ್ಸೀಯ ಸಂಯುಕ್ತಗಳು ಕಡಿಮೆ ಉಷ್ಣತೆಯಲ್ಲಿ ಕರಗುತ್ತವೆ, ಕುದಿಯುತ್ತವೆ ಎಂದು ಹೇಳುವಾಗ ಅವುಗಳ ಬಂಧ ದುರ್ಬಲವೆಂಬ ಅಭಿಪ್ರಾಯ ಮೂಡದಂತೆ ಎಚ್ಚರ ವಹಿಸಬೇಕು. ನೀರು 100 ಡಿಗ್ರಿಯಲ್ಲಿ ಕುದಿದು ಆವಿಯಾಗುವಾಗ ಮೋಲಿಗೆ ಸುಮಾರು 41 ಕಿಲೋಜೌಲ್ ಹೀರಿಕೊಳ್ಳುತ್ತದೆ. ಅದೇ ನೀರಿನ ಅಣುವಿನೊಳಗಿನ ಆಕ್ಸಿಜನ್ ಹೈಡ್ರೋಜನ್ ಬಂಧಗಳೆರಡನ್ನೂ ಕಡಿಯಬೇಕಾದರೆ 900 ಕಿಲೋಜೌಲಿಗೂ ಮಿಕ್ಕಿ ಬೇಕು. ಕುದಿಯುವುದೆಂದರೆ ಅಣುಗಳು ಒಂದನ್ನೊಂದು ಬಿಟ್ಟು ದೂರವಾಗುವುದೇ ಹೊರತು ಅಣು ಒಡೆಯುವುದಲ್ಲ. ಬಂಧ ನಿಜವಾಗಿ ಒಡೆಯುವುದನ್ನು ನೋಡಬೇಕಾದರೆ ಬಾಣಲೆಗೆ ಒಂದು ಚಮಚ ಸಕ್ಕರೆ ಹಾಕಿ ಉರಿ ಏರಿಸಬೇಕು: ಮೊದಲು ಪಾಕವಾಗಿ, ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಕಟುವಾಸನೆಯ ಹೊಗೆಯೊಂದಿಗೆ ಇದ್ದಿಲಾಗುತ್ತದೆ, ಮತ್ತು ಆ ಇದ್ದಿಲು ತಣಿದ ಮೇಲೆ ಮತ್ತೆ ಸಕ್ಕರೆಯಾಗುವುದಿಲ್ಲ. ಪಕ್ಕದಲ್ಲಿಯೇ ಹಾಕಿದ ಕಲ್ಲುಪ್ಪು ಒಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಚಟಪಟ ಸಿಡಿಯಬಹುದು, ಆದರೆ ಮನೆಯ ಒಲೆಯ ಮೇಲಿನ ಬಾಣಲೆಯ ಬಿಸಿಗೆ ಕರಗದು, ಕಪ್ಪಾಗದು. ಇನ್ನು ಪ್ರತಿಯೊಂದು ಕಾರ್ಬನ್ ಪರಮಾಣು ನಾಲ್ಕು ನೆರೆಯವುಗಳೊಂದಿಗೆ ಸಹವೇಲೆನ್ಸೀಯ ಬಂಧದಿಂದಲೇ ಕೂಡಿ ಇಡೀ ಹರಳೇ ಒಂದು ಅಣುವಿನಂತಾಗಿರುವ ವಜ್ರದ ಮುಂದೆ ಕರಗುವ ವಿಷಯದಲ್ಲಿ ಉಪ್ಪು ಏನೇನೂ ಅಲ್ಲ.

ಕೊಟ್ಟರೆ ಅಯಾನಿಕ, ಹಂಚಿಕೊಂಡರೆ ಸಹವೇಲೆನ್ಸೀಯ ಎಂದು ಎರಡು ಡಬ್ಬಿಗಳನ್ನಿಟ್ಟು ಎಲ್ಲ ಸಂಯುಕ್ತಗಳನ್ನೂ ಒಂದರಲ್ಲಿ ಹಾಕಿ ಮುಚ್ಚುವ ಅಭ್ಯಾಸವನ್ನಂತೂ ಬಿಡುವುದು ಮೇಲು. ಲೂಯಿಸ್ ತಮ್ಮ 1916ರ ಲೇಖನದಲ್ಲಿಯೇ ಇವೆರಡರ ನಡುವೆ ಗಡಿಗೆರೆಯಿಲ್ಲವೆಂದೂ, ಹಂಚಿಕೊಂಡ ಜೋಡಿ ಒಂದು ಕಡೆಗೆ ವಾಲುತ್ತ ಹೋಗಿ ಕೊನೆಗೆ ಪೂರ್ತಿ ಅತ್ತ ಸೇರಿದಾಗ ಅಯಾನುಗಳಾಗುತ್ತವೆಂದೂ ಹೇಳಿದ್ದರು. ಎರಡು ಪರಮಾಣುಗಳ ಹಗ್ಗಜಗ್ಗಾಟದಲ್ಲಿ ಯಾವುದರ ಕೈ ಮೇಲು ಎಂಬುದನ್ನು ಅಂಕಿಯಲ್ಲಿ ಹೇಳಲು ಲೈನಸ್ ಪೌಲಿಂಗ್ 1932ರಲ್ಲಿ ವಿದ್ಯುದೃಣತೆ, ಅಂದರೆ ಎಲೆಕ್ಟ್ರೋನೆಗೆಟಿವಿಟಿ ಎಂಬ ಮಾನವನ್ನು ರೂಪಿಸಿದರು. ಬಂಧದಲ್ಲಿರುವ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವ ಸಾಮರ್ಥ್ಯ ಅದು. ಇಂದು ಬಳಕೆಯಲ್ಲಿರುವ ಅಂಕಿಗಳಂತೆ ಫ್ಲೋರಿನ್ 3.98, ಕ್ಲೋರಿನ್ 3.16, ಕಾರ್ಬನ್ 2.55, ಹೈಡ್ರೋಜನ್ 2.20, ಸೋಡಿಯಂ 0.93. ಕ್ಲೋರಿನ್ ಹೈಡ್ರೋಜನ್‌ಗಳ ನಡುವಿನ ವ್ಯತ್ಯಾಸ ಒಂದರ ಆಸುಪಾಸಿನದಾದ್ದರಿಂದ ಹೈಡ್ರೋಜನ್ ಕ್ಲೋರೈಡ್ ಅಣುವಿನಲ್ಲಿ ಒಂದು ಪೂರ್ಣ ಎಲೆಕ್ಟ್ರಾನ್ ಆವೇಶದ ಐದರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ ಕ್ಲೋರಿನ್ನಿನತ್ತ ಸರಿದಿರುತ್ತದೆ. ಆದರೆ ಅಯಾನಿಕತೆಗೆ ಮಾದರಿಯೆನಿಸಿದ ಉಪ್ಪನ್ನು ಅತಿ ಹೆಚ್ಚು ಉಷ್ಣತೆಯಲ್ಲಿ ಆವಿಯಾಗಿಸಿ, ಅಲ್ಲಿ ಜೋಡಿಯಾಗಿ ತೇಲುವ ಸೋಡಿಯಂ ಕ್ಲೋರಿನ್‌ಗಳನ್ನು ಅಳೆದರೆ ಸರಿದಿರುವ ಆವೇಶ ಐದರಲ್ಲಿ ನಾಲ್ಕು ಪಾಲಿನಷ್ಟೇ ಇದೆ, ಪೂರ್ಣವಲ್ಲ.

ಲೋಹ ಮತ್ತು ಅಲೋಹ ಕೂಡಿದರೆ ಅಯಾನಿಕ ಎಂಬ ಸುಲಭಸೂತ್ರವೂ ಎಲ್ಲ ಕಡೆ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ಲೋಹವೇ ಆದರೂ ನಿರ್ಜಲ ಅಲ್ಯೂಮಿನಿಯಂ ಕ್ಲೋರೈಡ್ ಸುಮಾರು 180 ಡಿಗ್ರಿಯಲ್ಲಿಯೇ ಘನದಿಂದ ನೇರವಾಗಿ ಆವಿಯಾಗಿ, ಆ ಆವಿಯಲ್ಲಿ ಎರಡು ಅಲ್ಯೂಮಿನಿಯಂ ಆರು ಕ್ಲೋರಿನ್‌ಗಳ ಅಣುವಾಗಿ ಇರುತ್ತದೆ. ಮೂರು ಧನ ಆವೇಶವನ್ನು ಪುಟ್ಟ ಗಾತ್ರದಲ್ಲಿ ಹೊರಬೇಕಾದ ಅಲ್ಯೂಮಿನಿಯಂ, ಕ್ಲೋರಿನ್ನಿನ ದೊಡ್ಡ ಎಲೆಕ್ಟ್ರಾನ್ ಮೋಡವನ್ನು ತನ್ನತ್ತ ಎಳೆದುಕೊಂಡು ಹಂಚಿಕೆಗೆ ಒಪ್ಪಿಸುತ್ತದೆ. ಇತ್ತ ಲೋಹದ ಸುಳಿವೇ ಇಲ್ಲದ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಅಯಾನುಗಳಿಂದಾದ ವಸ್ತು. ಎಂಟರ ನಿಯಮದ ಪಾಡೂ ಹೀಗೆಯೇ. ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್‌ಗಳ ಬಹುಪಾಲು ಸಂಯುಕ್ತಗಳಲ್ಲಿ ಅದು ನಂಬಿಕೆಗೆ ಅರ್ಹವಾದ ಕೈದೀವಿಗೆ, ಆದ್ದರಿಂದ ಕಲಿಸಲೇಬೇಕಾದದ್ದು. ಆದರೆ ಬೋರಾನ್ ಟ್ರೈಫ್ಲೋರೈಡಿನ ಬೋರಾನ್ ಸುತ್ತ ಆರೇ ಎಲೆಕ್ಟ್ರಾನುಗಳನ್ನು ಎಣಿಸಬೇಕಾಗುತ್ತದೆ, ನೈಟ್ರಿಕ್ ಆಕ್ಸೈಡಿನಲ್ಲಿ ಒಟ್ಟು ಸಂಖ್ಯೆಯೇ ಬೆಸವಾದ್ದರಿಂದ ಜೋಡಿ ಕೂಡುವುದಿಲ್ಲ, ಸಲ್ಫರ್ ಹೆಕ್ಸಾಫ್ಲೋರೈಡಿನಲ್ಲಿ ಒಂದು ಗಂಧಕದ ಸುತ್ತ ಆರು ಫ್ಲೋರಿನ್‌ಗಳು ನೆಲೆಸಿವೆ. ಯಾರೊಂದಿಗೂ ಕೂಡದೆಂದು ನಂಬಲಾಗಿದ್ದ ಜೆನಾನ್ ಅನಿಲವನ್ನು 1962ರಲ್ಲಿ ಕೆನಡಾದಲ್ಲಿ ನೀಲ್ ಬಾರ್ಟ್‌ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡಿನೊಂದಿಗೆ ಬೆರೆಸಿ ಘನ ಸಂಯುಕ್ತ ಪಡೆದದ್ದು ಎಂಟರ ಮೋಹವನ್ನು ಬದಿಗಿಟ್ಟು ಶಕ್ತಿಯ ಲೆಕ್ಕವನ್ನು ಹಿಡಿದು ಹೊರಟದ್ದರಿಂದಲೇ: ಆ ಪ್ಲಾಟಿನಂ ಸಂಯುಕ್ತ ಆಕ್ಸಿಜನ್ ಅಣುವಿನಿಂದಲೂ ಎಲೆಕ್ಟ್ರಾನ್ ಕೀಳುವುದನ್ನು ಅವರು ಕಂಡಿದ್ದರು, ಮತ್ತು ಜೆನಾನಿನಿಂದ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು.

801 ಡಿಗ್ರಿಯ ಬೆಂಕಿಗೆ ಮಾತ್ರ ಮಣಿಯುವ ಉಪ್ಪು ತಣ್ಣೀರಿಗೆ ಹೇಗೆ ಮಣಿಯುತ್ತದೆ ಎಂಬುದು ಈ ವಿಷಯದಲ್ಲಿ ಓದುಗರು ಕೇಳುವ ಇನ್ನೊಂದು ನ್ಯಾಯವಾದ ಪ್ರಶ್ನೆ. ನೀರಿನ ಅಣುವಿನಲ್ಲಿ ಆಕ್ಸಿಜನ್ ಹಂಚಿಕೆಯ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಂಡಿರುವುದರಿಂದಲೂ, ಎರಡು ಹೈಡ್ರೋಜನ್‌ಗಳು 104.5 ಡಿಗ್ರಿ ಕೋನದಲ್ಲಿ ಒಂದೇ ಬದಿಗೆ ಬಾಗಿರುವುದರಿಂದಲೂ ಅಣುವಿನ ಒಂದು ತುದಿ ತುಸು ಋಣವಾಗಿ, ಇನ್ನೊಂದು ತುಸು ಧನವಾಗಿ ಇರುತ್ತದೆ. ಇಂಥ ಅಣುಗಳು ಸೋಡಿಯಂ ಅಯಾನಿನತ್ತ ಆಕ್ಸಿಜನ್ ತುದಿಯನ್ನೂ, ಕ್ಲೋರೈಡಿನತ್ತ ಹೈಡ್ರೋಜನ್ ತುದಿಯನ್ನೂ ತಿರುಗಿಸಿ ಮುತ್ತಿಕೊಂಡಾಗ, ಸ್ಫಟಿಕ ಒಡೆಯಲು ಬೇಕಾದ 787 ಕಿಲೋಜೌಲಿನಲ್ಲಿ ಸರಿಸುಮಾರು ಎಲ್ಲವೂ ನೀರಿನ ಈ ಸೆಳೆತದಿಂದಲೇ ಸಂದಾಯವಾಗುತ್ತದೆ. ಬಾಕಿ ಉಳಿಯುವುದು ಮೋಲಿಗೆ ನಾಲ್ಕು ಕಿಲೋಜೌಲಿನಷ್ಟು ಮಾತ್ರ, ಅದನ್ನು ನೀರಿನ ಬಿಸಿಯಿಂದಲೇ ಪಡೆಯಲಾಗುವುದರಿಂದ ಉಪ್ಪು ಕದಡಿದ ನೀರು ಒಂದಿಷ್ಟು ತಣ್ಣಗಾಗುತ್ತದೆ. ಹೀಗೆ ಬಿಡುಗಡೆಯಾದ ಅಯಾನುಗಳು ದ್ರಾವಣದಲ್ಲಿ ವಿದ್ಯುತ್ತನ್ನು ಹೊತ್ತೊಯ್ಯುತ್ತವೆ. ಸಕ್ಕರೆ ಅಣುಅಣುವಾಗಿಯೇ ಕರಗುವುದರಿಂದ ಅದರ ಪಾನಕದಲ್ಲಿ ಬಲ್ಬು ಹೊತ್ತುವುದಿಲ್ಲ. ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿರುವಾಗ ಸಹವೇಲೆನ್ಸೀಯ ಅಣುವಾಗಿದ್ದು, ನೀರಿಗೆ ಬಿದ್ದೊಡನೆ ಅಯಾನುಗಳಾಗಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲವಾಗುವುದು, ಬಂಧದ ಸ್ವರೂಪ ಸುತ್ತಲಿನ ಪರಿಸರದ ಮೇಲೂ ನಿಂತಿದೆಯೆಂಬುದಕ್ಕೆ ಸಾಕ್ಷಿ.

ದಿನಬಳಕೆಯ ಬಹಳಷ್ಟು ವಸ್ತುಗಳಲ್ಲಿ ಎರಡೂ ಬಗೆಯ ಬಂಧಗಳು ಒಟ್ಟಿಗೇ ಇರುತ್ತವೆ, ಮತ್ತು ಅವು ಬೇರೆ ಬೇರೆ ಹಂತದಲ್ಲಿ ಕಳಚುವುದನ್ನು ನೋಡಲು ಅಡುಗೆ ಸೋಡಾ ತಕ್ಕ ವಸ್ತು. ಸೋಡಿಯಂ ಬೈಕಾರ್ಬೊನೇಟ್ ಎಂಬ ಈ ಪುಡಿಯಲ್ಲಿ ಸೋಡಿಯಂ ಅಯಾನಿಗೂ ಬೈಕಾರ್ಬೊನೇಟ್ ಅಯಾನಿಗೂ ನಡುವೆ ಇರುವುದು ಅಯಾನಿಕ ಬಂಧ. ಬೈಕಾರ್ಬೊನೇಟಿನ ಒಳಗೆ ಒಂದು ಕಾರ್ಬನ್, ಮೂರು ಆಕ್ಸಿಜನ್, ಒಂದು ಹೈಡ್ರೋಜನ್‌ಗಳನ್ನು ಕಟ್ಟಿಹಾಕಿರುವುದು ಸಹವೇಲೆನ್ಸೀಯ ಬಂಧ. ರವೆ ಇಡ್ಲಿಯ ಹಿಟ್ಟಿಗೆ ಅದನ್ನು ಹಾಕಿ ಕಲಸಿದಾಗ ಮೊದಲು ಬಿಡಿಸಿಕೊಳ್ಳುವುದು ಅಯಾನಿಕ ಬಂಧ, ಅದೂ ಹಿಟ್ಟಿನ ನೀರಿನಿಂದಲೇ. ಬೈಕಾರ್ಬೊನೇಟ್ ಒಳಗೊಳಗೆ ಇನ್ನೂ ಇದ್ದಂತೆಯೇ ಇರುತ್ತದೆ. ಹಿಟ್ಟಿಗೆ ಬೆರೆಸಿದ ಮೊಸರಿನ ಲ್ಯಾಕ್ಟಿಕ್ ಆಮ್ಲದಿಂದ ಬಂದ ಹೈಡ್ರೋಜನ್ ಅಯಾನು ಅದನ್ನು ತಾಗಿದ ಮೇಲೆಯೇ ಒಳಗಿನ ಬಂಧಗಳು ಕಳಚಿ ಮರುಜೋಡಣೆಯಾಗಿ, ಒಂದು ಪಾಲು ನೀರಾಗಿಯೂ ಇನ್ನೊಂದು ಪಾಲು ಕಾರ್ಬನ್ ಡೈಆಕ್ಸೈಡ್ ಆಗಿಯೂ ಬೇರ್ಪಡುತ್ತವೆ. 5 ಗ್ರಾಂ ಸೋಡಾ ಪೂರ್ತಿಯಾಗಿ ಹೀಗೆ ಒಡೆದರೆ ಕೋಣೆಯ ಉಷ್ಣತೆಯಲ್ಲಿ ಸುಮಾರು 1.4 ಲೀಟರ್ ಅನಿಲ ಹುಟ್ಟುತ್ತದೆ. ಕಾರ್ಬನ್ ಡೈಆಕ್ಸೈಡಿನ ಅಣುವಿನೊಳಗಿನ ಬಂಧ ಬಲವಾದದ್ದೇ ಆದರೂ ಅಣು ಅಣುಗಳ ನಡುವಿನ ಸೆಳೆತ ತೀರಾ ಕ್ಷೀಣವಾದ್ದರಿಂದ ಅದು ದ್ರವವಾಗಿ ನಿಲ್ಲದೆ ಗುಳ್ಳೆಗಳಾಗಿ ಹಿಟ್ಟನ್ನು ಉಬ್ಬಿಸುತ್ತದೆ. ಸೋಡಿಯಂ ಅಯಾನು ಮಾತ್ರ ಈ ಎಲ್ಲ ಕಟ್ಟುವಿಕೆ ಕಳಚುವಿಕೆಗಳಲ್ಲಿ ಪಾಲ್ಗೊಳ್ಳದೆ, ನೀರಿನ ಅಣುಗಳ ನಡುವೆ ತನ್ನ ಒಂದು ಧನ ಆವೇಶದೊಂದಿಗೆ ಹಿಟ್ಟಿನಲ್ಲಿಯೇ ಉಳಿದಿರುತ್ತದೆ.